ಸೈಕಲ್ಲಿನಲ್ಲಿ ಲೇಹ್: ಕಾಲಿನ ಬಲವಷ್ಟೇ ಸಾಲದು

ರಜೆ ಬಂತೆಂದರೆ ಕಾಲೇಜು ಹುಡುಗ ಹುಡುಗಿಯರಿಗೆ ಹಿಮಾಲಯದ ಕನಸು. ಮನಾಲಿಯಿಂದ ಲೇಹ್‌ವರೆಗೆ ಸೈಕಲ್ ತುಳಿಯುತ್ತೇವೆ ಎಂದು ಅವರು ಹೊರಟು ನಿಂತರೆ ತಂದೆತಾಯಿಯರು ಕೇಳುವ ಪ್ರಶ್ನೆ ಎರಡೇ: ಖರ್ಚೆಷ್ಟು? ಚಳಿ ಎಷ್ಟು? ಮೂರನೆಯ ಪ್ರಶ್ನೆಯೊಂದನ್ನು ಅವಶ್ಯವಾಗಿ ಕೇಳಬೇಕು: ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ?

ದಾರಿಯ ಉದ್ದ ಸುಮಾರು 475 ಕಿ.ಮೀ. ನಮ್ಮ ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಮನಾಲಿ ಊರೇ ಅದಕ್ಕಿಂತ ಎತ್ತರದಲ್ಲಿದೆ, ಸುಮಾರು 2,050 ಮೀಟರ್. ಅಲ್ಲಿಂದ ರೋಹ್ತಾಂಗ್ ಕಣಿವೆಮಾರ್ಗದ ನೆತ್ತಿಗೆ ಐವತ್ತು ಕಿ.ಮೀ. ದಾರಿಯಲ್ಲಿ ಇನ್ನೂ 1,900 ಮೀಟರಿನಷ್ಟು ಏರಬೇಕು.

ಮೊದಲು ಕಾಲಿನ ಲೆಕ್ಕ ನೋಡೋಣ. ಸವಾರ, ಸೈಕಲ್ಲು, ಸಾಮಾನು ಸೇರಿ 90 ಕಿ.ಗ್ರಾಂ. ಎಂದಿಟ್ಟುಕೊಳ್ಳಿ. ಇದನ್ನು 1,900 ಮೀಟರ್ ಮೇಲೆತ್ತಲು ಬೇಕಾದ ಕೆಲಸ 90 × 9.8 × 1,900, ಅಂದರೆ ಸುಮಾರು 1,700 ಕಿಲೋಜೂಲ್ ಅಥವಾ 400 ಕಿಲೋಕ್ಯಾಲರಿ. ನಮ್ಮ ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಹೆಚ್ಚುಕಡಿಮೆ ಕಾಲು ಭಾಗವನ್ನು ಮಾತ್ರ ಕೆಲಸವನ್ನಾಗಿ ಮಾಡಬಲ್ಲವು. ಆದ್ದರಿಂದ ಏರುವುದಕ್ಕೇ 1,600 ಕಿಲೋಕ್ಯಾಲರಿಯಷ್ಟು ಊಟ ಬೇಕು. ಗೇರು ಈ ಕೆಲಸವನ್ನು ಕಡಿಮೆ ಮಾಡುವುದಿಲ್ಲ. ಮುಂದೆ 22 ಹಲ್ಲು, ಹಿಂದೆ 34 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಚಕ್ರ ಮುಕ್ಕಾಲು ಸುತ್ತೂ ತಿರುಗದು. ಬಲ ಕಡಿಮೆ ಸಾಕು, ಸುತ್ತು ಹೆಚ್ಚು ಬೇಕು. ಸನ್ನೆಗೋಲಿನ ಪಾಠವೇ ಇಲ್ಲಿಯೂ.

ಕಾಲಿನ ಲೆಕ್ಕವನ್ನು ಊಟ ಮತ್ತು ಗೇರಿನಿಂದ ಸರಿದೂಗಿಸಬಹುದು. ಉಸಿರಿನ ಲೆಕ್ಕ ಹಾಗಲ್ಲ. ಎತ್ತರದಲ್ಲಿಯೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇಕಡ 21ರಷ್ಟೇ. ಕಡಿಮೆಯಾಗುವುದು ಗಾಳಿಯ ಒತ್ತಡ. 4,300 ಮೀಟರಿನಲ್ಲಿ ಅದು ಸಮುದ್ರಮಟ್ಟದ ಶೇಕಡ 60ರ ಆಸುಪಾಸು. 5,500 ಮೀಟರಿನಲ್ಲಿ ಅರ್ಧ. ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಅಷ್ಟೇ ಕಡಿಮೆ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ದಿನಗಳು ಬೇಕು. ವ್ಯಾಯಾಮ ಮಾಡಿ ಗಟ್ಟಿಯಾದ ದೇಹಕ್ಕೂ ಇದರಲ್ಲಿ ರಿಯಾಯಿತಿ ಇಲ್ಲ. ಬಲಶಾಲಿ ಬೇಗ ಮೇಲೇರುವುದರಿಂದ ಅವನಿಗೇ ಅಪಾಯ ಹೆಚ್ಚಾಗಬಹುದು.

ವೈದ್ಯರ ಸಲಹೆ ಸರಳವಾಗಿದೆ: 3,000 ಮೀಟರಿನ ನಂತರ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು. ಈಗ ದಾರಿಯನ್ನು ನೋಡಿ. ಕೇಲಾಂಗ್ ಸುಮಾರು 3,100 ಮೀಟರ್. ಅಲ್ಲಿಂದ ನೂರು ಕಿ.ಮೀ.ಗೂ ಮಿಕ್ಕಿ ದೂರದ ಸರ್ಚು 4,300 ಮೀಟರಿನಷ್ಟು. ನಡುವೆ 4,900 ಮೀಟರಿನ ಬಾರಾಲಾಚಾ ಕಣಿವೆಮಾರ್ಗ. ವಾಹನದಲ್ಲಿ ಹೋಗುವವರು ಒಂದೇ ಹಗಲಿನಲ್ಲಿ ಅಷ್ಟೆತ್ತರ ತಲುಪಿ ಅಲ್ಲಿ ಮಲಗುತ್ತಾರೆ. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲಂತೂ ರೋಹ್ತಾಂಗ್ ಹತ್ತುವ ಅಗತ್ಯವೂ ಇಲ್ಲ. ಸೈಕಲ್ಲಿನವರಿಗೆ ನಿಧಾನವೇ ರಕ್ಷಣೆ, ಅವಸರಪಡದಿದ್ದರೆ ಮಾತ್ರ.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಎತ್ತರದ ಕಾಯಿಲೆ ಬಲಿತರೆ ಮೊದಲ ಮದ್ದು ಕೆಳಗಿಳಿಯುವುದು. ಆದರೆ ಸರ್ಚುವಿನಿಂದ ರಸ್ತೆ ಹಿಡಿದು ಕೆಳಗಿಳಿಯಬೇಕೆಂದರೆ ಮೊದಲು ಮೇಲೇರಬೇಕು! ಹಿಂದಕ್ಕೆ ಹೋದರೆ ಬಾರಾಲಾಚಾ. ಮುಂದಕ್ಕೆ ಹೋದರೆ ಗಾಟಾದ 21 ತಿರುವುಗಳು, ಐದು ಸಾವಿರ ಮೀಟರ್ ದಾಟಿದ ಲಾಚುಂಗ್ ಲಾ, ಆಮೇಲೆ 5,300 ಮೀಟರಿನಾಚೆಯ ತಂಗ್ಲಾಂಗ್ ಲಾ. ಆದ್ದರಿಂದ ಹಿಂದಿರುಗುವ ತೀರ್ಮಾನವನ್ನು ಬಾರಾಲಾಚಾ ಹತ್ತುವ ಮೊದಲೇ ಮಾಡಬೇಕು. ಜಿಸ್ಪಾದಲ್ಲಿಯೋ ಅದರ ಮುಂದೆಯೋ ತಲೆನೋವಿನ ಜೊತೆಗೆ ವಾಕರಿಕೆ, ಊಟ ಸೇರದಿರುವುದು, ಅತಿಯಾದ ಸುಸ್ತು ಕಂಡುಬಂದರೆ ಅಲ್ಲಿಯೇ ನಿಲ್ಲಿ. ಪೂರ್ತಿ ಗುಣವಾಗುವ ತನಕ ಒಂದು ಮೀಟರ್ ಕೂಡ ಮೇಲೇರಬೇಡಿ. ಕುಳಿತಲ್ಲಿಯೇ ಏದುಸಿರು, ಮಾತಿನಲ್ಲಿ ಗೊಂದಲ, ಹಿಮ್ಮಡಿಗೆ ಬೆರಳು ತಾಗಿಸಿ ನೇರ ಗೆರೆಯ ಮೇಲೆ ನಡೆಯಲಾಗದಿರುವುದು ಪ್ರಾಣಾಪಾಯದ ಚಿಹ್ನೆಗಳು. ಬೆಳಗಾಗಲಿ ಎಂದು ಕಾಯದೆ ರೋಗಿಯನ್ನು ವಾಹನದಲ್ಲಿ ತಗ್ಗಿನ ಊರಿಗೆ ಸಾಗಿಸಬೇಕು. ಒಬ್ಬನನ್ನೇ ಬಿಡಬಾರದು.

ಗುಂಪಿನ ಮುಂದೆ ನಾಚಿಕೆಪಟ್ಟು ತಲೆನೋವನ್ನು ಮುಚ್ಚಿಡುವುದು ಹರೆಯದ ಸ್ವಭಾವ. ಪಾಲಕರೇ, ಹೊರಡುವ ಮೊದಲು ಮಗನಿಗೋ ಮಗಳಿಗೋ ಒಂದು ಮಾತು ಹೇಳಿ: "ಅರ್ಧ ದಾರಿಯಿಂದ ವಾಪಸು ಬಂದರೆ ನಾವು ಬೈಯುವುದಿಲ್ಲ." ಸ್ವೆಟರಿಗಿಂತ ಈ ಮಾತು ಹೆಚ್ಚು ರಕ್ಷಣೆ ಕೊಡುತ್ತದೆ. ಟಿಕೆಟಿನ ಹಣ ಹೋದರೆ ಹೋಗಲಿ.

ವಿದ್ಯಾರ್ಥಿಗಳಿಗೆ ಈ ವಾರದ ಕೆಲಸ: ಕೇಲಾಂಗ್‌ನಿಂದ ಸರ್ಚುವಿಗೆ ಮಲಗುವ ಎತ್ತರ ಎಷ್ಟು ಹೆಚ್ಚುತ್ತದೆ? ದಿನಕ್ಕೆ 500 ಮೀಟರಿನ ಸೂತ್ರದಂತೆ ಎಷ್ಟು ರಾತ್ರಿ ಬೇಕು? ಲೆಕ್ಕ ಮಾಡಿ, ಪ್ರವಾಸದ ದಿನಚರಿಯ ಪಕ್ಕದಲ್ಲಿಟ್ಟು ಮನೆಯವರಿಗೆ ತೋರಿಸಿ.