ಈ ಹಬ್ಬಕ್ಕೆ ಕೈ ಬಿಗಿ ಹಿಡಿಯುವ ಮುನ್ನ

ದೀಪಾವಳಿ ಬಾಗಿಲಿಗೆ ಬಂದಿದೆ. ಎಣ್ಣೆ, ಬೇಳೆ, ಬೆಲ್ಲದ ಚೀಟಿ ಬರೆಯುವಾಗ ಈ ಸಲ ಅನೇಕ ಮನೆಗಳಲ್ಲಿ ಪೆನ್ನು ನಡುವೆ ನಿಲ್ಲುತ್ತಿದೆ. ಈಚಿನ ವರ್ಷಗಳು ನಮ್ಮ ರೈತರಿಗೆ ನೆಮ್ಮದಿ ಕೊಟ್ಟಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರವೇ ಘೋಷಿಸಿತು. 2025ರ ಸೆಪ್ಟೆಂಬರಿನಲ್ಲಿ ಭೀಮಾ ನದಿ ಉಕ್ಕಿ ಕಲಬುರಗಿ, ಯಾದಗಿರಿ ಭಾಗದ ತೊಗರಿ, ಹತ್ತಿ ಹೊಲಗಳಲ್ಲಿ ನೀರು ನಿಂತಿತು. ಪಟ್ಟಣದಲ್ಲಿ ಇರುವವರದ್ದು ಬಾಡಿಗೆ, ಶಾಲೆಯ ಫೀಜು, ಔಷಧಿಯ ಚಿಂತೆ.

ಹೀಗಿರುವಾಗ ಮಿತವಾಗಿ ಬಾಳಿ ಎಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಸಂಸಾರ ತೂಗಿಸುವ ವಿದ್ಯೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನನ್ನ ಮನವಿ ಬೇರೆ. ಕೈ ಬಿಗಿ ಹಿಡಿಯುವಾಗ ಯಾರ ಪಾಲು ಕಡಿಮೆಯಾಗುತ್ತಿದೆ ಎಂಬುದನ್ನು ದಯವಿಟ್ಟು ಒಮ್ಮೆ ನೋಡಿ.

ಖರ್ಚು ಕಡಿಮೆ ಮಾಡಬೇಕು ಎಂದ ಕೂಡಲೇ ನಮ್ಮ ಕೈ ಹೋಗುವುದು ಸಣ್ಣ ಮೊತ್ತಗಳ ಮೇಲೆ. ಮನೆಗೆಲಸಕ್ಕೆ ಬರುವ ಅಕ್ಕನಿಗೆ ಕೊಡುವ ಹಬ್ಬದ ಇನಾಮು. ಹಾಲು ಹಾಕುವ ಹುಡುಗನ ನೂರು ರೂಪಾಯಿ. ಹೂವಿನವರ ಹತ್ತಿರ ಮೊಳಕ್ಕೆ ಐದು ರೂಪಾಯಿ ಚೌಕಾಸಿ. ಅದೇ ಹೊತ್ತಿಗೆ ಕಂತಿನಲ್ಲಿ ತಂದ ಟಿ.ವಿ.ಯ ಹಣ ಖಾತೆಯಿಂದ ತಾನಾಗಿ ಕಳೆದುಹೋಗುತ್ತಿರುತ್ತದೆ. ಇದು ಯಾರ ಮನಸ್ಸಿನ ಕೆಟ್ಟತನವೂ ಅಲ್ಲ. ಹೂವಿನವರು ಎದುರಿಗೆ ಕೂತಿರುತ್ತಾರೆ, ಕೇಳಬಹುದು. ಬ್ಯಾಂಕಿನ ಹತ್ತಿರ ಚೌಕಾಸಿ ನಡೆಯುವುದಿಲ್ಲ.

ಆದ್ದರಿಂದ ಉಳಿತಾಯವನ್ನು ಅಲ್ಲಿಂದಲೇ ಶುರು ಮಾಡೋಣ. ಬಡ್ಡಿಯಿಲ್ಲದ ಕಂತು ಎಂಬ ಜಾಹೀರಾತು ಈ ದಿನಗಳಲ್ಲಿ ಪ್ರತಿ ಅಂಗಡಿಯ ಮುಂದೆ ಇರುತ್ತದೆ. ಬಡ್ಡಿಯೇ ಇಲ್ಲದ ಸಾಲ ಎಂಬುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ನಗದಿಗೆ ಸಿಗುತ್ತಿದ್ದ ರಿಯಾಯಿತಿ ಕೈಬಿಡುವ ರೂಪದಲ್ಲೋ, ಪ್ರೊಸೆಸಿಂಗ್ ಶುಲ್ಕದ ರೂಪದಲ್ಲೋ ಅದು ವಸೂಲಾಗುತ್ತದೆ. ಕ್ರೆಡಿಟ್ ಕಾರ್ಡಿನ ಬಾಕಿ ಉಳಿಸಿಕೊಂಡರಂತೂ ಅನೇಕ ಕಾರ್ಡುಗಳಲ್ಲಿ ತಿಂಗಳಿಗೆ ಶೇ. 3ಕ್ಕಿಂತ ಹೆಚ್ಚು ಬಡ್ಡಿ. ವರ್ಷಕ್ಕೆ ಅದು ಶೇ. 36 ದಾಟುತ್ತದೆ. ಇರುವ ಫ್ರಿಜ್ಜು ಇನ್ನೊಂದು ವರ್ಷ ಓಡುವುದಾದರೆ ಓಡಲಿ ಬಿಡಿ. ಹೋದ ವರ್ಷದ ರೇಷ್ಮೆ ಸೀರೆ ಈ ವರ್ಷವೂ ರೇಷ್ಮೆಯೇ. ಮನೆಯಿಂದ ಮನೆಗೆ ತಿರುಗುವ ಆ ಡ್ರೈ ಫ್ರೂಟ್ಸ್ ಡಬ್ಬಿಗಳನ್ನೂ ಈ ಸಲ ಬಿಟ್ಟುಬಿಡಬಹುದು. ಒಂದೇ ಡಬ್ಬಿ ಪೊಟ್ಟಣ ಬಿಚ್ಚದೆ ನಾಲ್ಕು ಮನೆ ಸುತ್ತಿ ಬಂದದ್ದನ್ನು ನೀವೂ ಕಂಡಿರುತ್ತೀರಿ.

ನಿಜ ಹೇಳಬೇಕೆಂದರೆ ದೀಪಾವಳಿ ದುಬಾರಿ ಹಬ್ಬವೇ ಅಲ್ಲ. ನೀರು ತುಂಬುವ ಹಬ್ಬಕ್ಕೆ ಬೇಕಾದದ್ದು ತೊಳೆದ ಹಂಡೆ ಮತ್ತು ನೀರು. ಮರುದಿನಕ್ಕೆ ಮೈಗೆ ಎಣ್ಣೆ, ಒಲೆಗೆ ಸೌದೆ. ಮಲೆನಾಡಿನ ಕಡೆ ಅಂಟಿಗೆ-ಪಂಟಿಗೆಯವರು ರಾತ್ರಿ ಹಾಡುತ್ತ ದೀಪ ಹಿಡಿದು ಮನೆ ಮನೆಗೆ ಬರುತ್ತಾರೆ. ಮನೆಯವರು ಆ ದೀಪಕ್ಕೆ ಎಣ್ಣೆ ಎರೆಯುತ್ತಾರೆ, ಅಕ್ಕಿಯನ್ನೋ ಕಾಸನ್ನೋ ಕೊಡುತ್ತಾರೆ. ಅಷ್ಟರಲ್ಲೇ ಇಡೀ ಊರಿಗೆ ಹಬ್ಬ. ಪಟಾಕಿಯ ವಿಷಯ ಮಕ್ಕಳ ಹತ್ತಿರ ಕೂತು ಮಾತಾಡಿ. ಹಣದ ಪರಿಸ್ಥಿತಿಯನ್ನು ಮುಚ್ಚಿಡದೆ ಹೇಳಿದರೆ ಮಕ್ಕಳು ನಾವು ಅಂದುಕೊಂಡದ್ದಕ್ಕಿಂತ ಬೇಗ ಅರ್ಥ ಮಾಡಿಕೊಳ್ಳುತ್ತಾರೆ.

ಹೀಗೆ ಉಳಿದ ಹಣದಲ್ಲಿ ಒಂದು ಭಾಗ ಎಲ್ಲಿಗೆ ಹೋಗಬೇಕು ಎಂಬುದೇ ನನ್ನ ಕೋರಿಕೆಯ ತಿರುಳು.

ಕಾರ್ಖಾನೆಯ ಕಾರ್ಮಿಕರಿಗೆ ಕಾನೂನು ಗೊತ್ತುಮಾಡಿರುವ ಕನಿಷ್ಠ ಬೋನಸ್ ಶೇ. 8.33. ವರ್ಷದ ಸಂಬಳದಲ್ಲಿ ಲೆಕ್ಕ ಹಾಕಿದರೆ ಅದು ಒಂದು ತಿಂಗಳ ಸಂಬಳ. ನಮ್ಮ ಮನೆಯ ಪಾತ್ರೆ ತೊಳೆಯುವವರಿಗೆ, ಅಡುಗೆಯವರಿಗೆ ಈ ಕಾನೂನಿನ ಆಸರೆಯಿಲ್ಲ. ಅವರಿಗೆ ಬೋನಸ್ ಕೊಡುವ ಕಾಯ್ದೆ ಎಂದರೆ ನೀವೇ. ಪೂರ್ತಿ ಕೊಡಲಾಗದಿದ್ದರೆ ಅರ್ಧ ಕೊಡಿ. ಹಳೆಯ ಸೀರೆ ಕೊಟ್ಟು ಅದನ್ನೇ ಇನಾಮಿನ ಲೆಕ್ಕಕ್ಕೆ ಸೇರಿಸುವುದು ಬೇಡ.

ಆಯುಧಪೂಜೆಯ ಮಾರನೆಯ ದಿನ ಬೆಂಗಳೂರಿನ ಮಾರುಕಟ್ಟೆ ರಸ್ತೆಗಳಲ್ಲಿ ನಡೆದಿದ್ದರೆ ನೋಡಿರುತ್ತೀರಿ. ಫುಟ್‌ಪಾತಿನ ಮೇಲೆ ಬೂದುಗುಂಬಳದ ರಾಶಿ, ಬಾಳೆಕಂದಿನ ಕಟ್ಟುಗಳು, ಬಾಡಿದ ಚೆಂಡು ಹೂವು. ಮಾರಿದವರೇ ಬಿಟ್ಟುಹೋದದ್ದು ಅದು. ವಾಪಸು ಸಾಗಿಸುವ ಟೆಂಪೋ ಬಾಡಿಗೆ ಮಾಲಿನ ಬೆಲೆಗಿಂತ ಹೆಚ್ಚು. ಹಬ್ಬದ ಮುನ್ನಾದಿನ ಅವರು ಹೇಳುವ ಬೆಲೆ ಜಾಸ್ತಿ ಅನ್ನಿಸುವುದು ಸಹಜ. ಆ ಬೆಲೆಯಲ್ಲಿ ಮಾರದೆ ಉಳಿಯುವ ಮಾಲಿನ ನಷ್ಟವೂ ಸೇರಿದೆ. ಹೂವು ಕಡಿಮೆ ಕೊಳ್ಳಿ, ತಪ್ಪಿಲ್ಲ. ಎರಡು ಮಾರು ಕೊಳ್ಳುವಲ್ಲಿ ಒಂದೇ ಸಾಕು. ಕೊಂಡದ್ದಕ್ಕೆ ಹೇಳಿದ ಬೆಲೆ ಕೊಡಿ. ಹಣತೆಯನ್ನು ಕುಂಬಾರರಿಂದಲೇ ತನ್ನಿ. ಹೊಸ ಬಟ್ಟೆ ಕೊಳ್ಳಲೇಬೇಕಿದ್ದರೆ ಇಳಕಲ್ಲೋ ಗುಳೇದಗುಡ್ಡದ ಖಣವೋ ಖಾದಿಯೋ ಇರಲಿ. ನೇಕಾರರ ಮಗ್ಗ ನಿಲ್ಲದಂತೆ ಮಾಡಿದ ಪುಣ್ಯ ನಿಮ್ಮದಾಗುತ್ತದೆ.

ಉದ್ರಿಯ ಮಾತು ಹೇಳಲೇಬೇಕು. ದೀಪಾವಳಿ ಅಮಾವಾಸ್ಯೆಗೆ ವ್ಯಾಪಾರಸ್ಥರು ಲಕ್ಷ್ಮೀಪೂಜೆ ಮಾಡಿ ಹೊಸ ಲೆಕ್ಕದ ಪುಸ್ತಕ ತೆರೆಯುವ ರೂಢಿ ಇಂದಿಗೂ ಅನೇಕ ಕಡೆ ಇದೆ. ಬೀದಿಯ ಕಿರಾಣಿ ಅಂಗಡಿಯಲ್ಲಿ, ದರ್ಜಿಯ ಹತ್ತಿರ ನಮ್ಮ ಬಾಕಿ ಇದ್ದರೆ ಅದಕ್ಕೆ ಮೊದಲೇ ತೀರಿಸೋಣ. ದಾನಕ್ಕಿಂತ ಮೊದಲಿನ ಸ್ಥಾನ ಇದಕ್ಕೆ ಎಂದೇ ನನ್ನ ಅಭಿಪ್ರಾಯ.

ಊಟದ ವಿಷಯದಲ್ಲಿ ನಮ್ಮ ಹಿರಿಯರು ದೊಡ್ಡವರು. ವಾರಾನ್ನದ ಕಾಲ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಓದುವ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಉಣ್ಣುತ್ತಿದ್ದ. ಅನ್ನ ಹಾಕಿದ ಮನೆಗಳೆಲ್ಲ ಸಿರಿವಂತರ ಮನೆಗಳೇನಲ್ಲ. 1965ರಲ್ಲಿ ಆಹಾರದ ಅಭಾವ ಬಂದಾಗ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತಿನ ಊಟ ಬಿಡಿ ಎಂದು ಕೇಳಿದರು. ಸೋಮವಾರ ಒಪ್ಪತ್ತು ಇದ್ದ ಕುಟುಂಬಗಳು ದೇಶದಲ್ಲೆಲ್ಲ ಇದ್ದವು. ಅವರು ಕಡಿಮೆ ಮಾಡಿಕೊಂಡದ್ದು ತಮ್ಮ ತಟ್ಟೆಯನ್ನು.

ಇವತ್ತು ನಿಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಹಬ್ಬದ ದಿನವೂ ಡ್ಯೂಟಿ ಮಾಡುವ ಸೆಕ್ಯೂರಿಟಿಯವರು ಬಹುಶಃ ಒಡಿಶಾದವರೋ ಅಸ್ಸಾಮಿನವರೋ ಇರುತ್ತಾರೆ. ಪಕ್ಕದ ಪಿ.ಜಿ.ಯಲ್ಲಿ ಹಬ್ಬದ ಬಸ್ ದರ ನೋಡಿ ಊರಿನ ಆಸೆ ಬಿಟ್ಟ ಹುಡುಗಿಯೊಬ್ಬಳು ಇರುತ್ತಾಳೆ. ನಾಲ್ಕು ಎಲೆ ಹಾಕುವ ಕಡೆ ಐದು ಹಾಕಿ. ಹೋಳಿಗೆಯನ್ನು ಡಬ್ಬಿಯಲ್ಲಿ ಕಳಿಸುವುದಕ್ಕಿಂತ ಕೂರಿಸಿ ಬಡಿಸಿ. ಅವರ ಊರಿನ ಹಬ್ಬ ಹೇಗೆ ಎಂದು ಕೇಳಿ.

ಕೊಡಲು ಈ ವರ್ಷ ಏನೂ ಇಲ್ಲದವರೂ ಇದನ್ನು ಓದುತ್ತಿರಬಹುದು. ನಿಮಗೆ ಸಂಕೋಚ ಬೇಡ. ಸಾಲ ಮಾಡಿ ದಾನ ಮಾಡಿ ಎಂದು ಯಾರೂ ಕೇಳುತ್ತಿಲ್ಲ. ಓದು ಬರಹ ಬಲ್ಲವರು ಪಕ್ಕದ ಮನೆಯವರ ಬೆಳೆ ಪರಿಹಾರದ ಅರ್ಜಿಯನ್ನೋ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿಯನ್ನೋ ತುಂಬಿಕೊಟ್ಟರೆ ಅದು ಸಣ್ಣ ಉಪಕಾರವಲ್ಲ. ನಿಮಗೆ ಯಾರಾದರೂ ಪ್ರೀತಿಯಿಂದ ಕೊಟ್ಟರೆ ತೆಗೆದುಕೊಳ್ಳಿ.

ಇನ್ನೊಂದು ಮಾತು, ಕೊಡುವ ಹೊತ್ತಿನ ಬಗ್ಗೆ. ಮುಸ್ಲಿಂ ಬಂಧುಗಳು ರಂಜಾನಿನ ಫಿತ್ರಾವನ್ನು ಈದ್ ನಮಾಜಿಗೆ ಮೊದಲೇ ಕೊಟ್ಟು ಮುಗಿಸುತ್ತಾರೆ. ಪಡೆದವರ ಮನೆಯಲ್ಲೂ ಅಂದೇ ಹಬ್ಬ ನಡೆಯಬೇಕು ಎಂಬುದು ಅದರ ಉದ್ದೇಶ. ನಾವು ಸಾಮಾನ್ಯವಾಗಿ ಇನಾಮು ಕೊಡುವುದು ಹಬ್ಬದ ಬೆಳಿಗ್ಗೆ, ಅದೂ ಅವರು ಕೆಲಸ ಮುಗಿಸಿ ಹೊರಡುವಾಗ. ಆ ಹೊತ್ತಿಗೆ ಅವರ ಸಂತೆ ಮುಗಿದಿರುತ್ತದೆ. ಕೈಸಾಲ ತಂದು ಮಕ್ಕಳಿಗೆ ಬಟ್ಟೆ ಕೊಂಡಿರುತ್ತಾರೆ. ದಯವಿಟ್ಟು ಈ ಸಲ ಒಂದು ವಾರ ಮುಂಚೆ ಕೊಡಿ. ಹಬ್ಬ ತಿಂಗಳ ಕೊನೆಗೆ ಬಿದ್ದಿದ್ದರೆ ಆ ತಿಂಗಳ ಸಂಬಳವನ್ನೂ ಜೊತೆಗೇ ಕೊಟ್ಟುಬಿಡಿ.