ಮೀಟರು ನೋಡುವುದು ತೇವವನ್ನಲ್ಲ!

ನಮ್ಮ ಅಮ್ಮತ್ತಿಯಲ್ಲಿ ಕಾಫಿ ಮಾರುವುದೆಂದರೆ ಇಡೀ ವರ್ಷದ ಲೆಕ್ಕ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೋದ ಸಲ ನಮ್ಮ ರೊಬಸ್ಟಾ ಚೆರಿ ಮಾರಲು ಅಪ್ಪನ ಜೊತೆ ನಾನೂ ಹೋಗಿದ್ದೆ. ವ್ಯಾಪಾರದವರು ಒಂದು ಹಿಡಿ ಮೀಟರಿಗೆ ಹಾಕಿ "13" ಅಂದರು. ಚೆರಿಯಲ್ಲಿ ತೇವ 11 ಪರ್ಸೆಂಟ್ ಇರಬೇಕು, ಜಾಸ್ತಿ ಇದ್ದರೆ ದುಡ್ಡು ಕಟ್. ಅಪ್ಪ ಮುಷ್ಟಿಯಲ್ಲಿ ಹಿಡಿದು ಕುಲುಕಿ, "ಗಲಗಲ ಅಂತದಲ್ಲಾ, ಒಣಗಿದೆ" ಅಂದ್ರು. "ಹಾಗಾದ್ರೆ ಮೀಟರು ಸುಳ್ಳು ಹೇಳ್ತದಾ?" ಅಂತ ಅವರು ಕೇಳಿದ ಮೇಲೆ ಅಪ್ಪ ಸುಮ್ಮನಾದ್ರು. ಅಪ್ಪನದೇ ತಪ್ಪಿರಬಹುದು, ನನಗೆ ಗೊತ್ತಿಲ್ಲ. ಆದರೆ ಆ ಪ್ರಶ್ನೆಗೆ ಉತ್ತರ ಹೇಳಲು ನಮಗಿಬ್ಬರಿಗೂ ಬರಲಿಲ್ಲವಲ್ಲ, ಅದೇ ನನಗೆ ಬೇಜಾರು.

ಐ.ಟಿ.ಐ. ಓದುವ ದೊಡ್ಡಪ್ಪನ ಮಗ ರಜೆಗೆ ಬಂದಾಗ ಕೇಳಿದೆ. ಅಣ್ಣ ಒಂದು ಕೆಂಪು ಎಲ್‌ಇಡಿ ಮತ್ತು ಮಲ್ಟಿಮೀಟರ್ ತಂದ. ಎಲ್‌ಇಡಿಗೆ ಕರೆಂಟು ಕೊಟ್ಟರೆ ಬೆಳಕು ಬರ್ತದೆ. ಅದಕ್ಕೆ ಬೆಳಕು ಬಿದ್ದರೆ ಅದೇ ಚೂರು ಕರೆಂಟು ಕೊಡ್ತದೆ! ಜಗಲಿಯಲ್ಲಿ ಅಳೆದರೆ ಮೀಟರು ಸೊನ್ನೆ ತೋರಿಸಿತು. ಕರೆಂಟು ಅಷ್ಟು ಸಣ್ಣದು. ಆಗ ಅಣ್ಣ ಎಲ್‌ಇಡಿಯ ಎರಡು ಕಾಲಿಗೆ 10 ಲಕ್ಷ ಓಮ್‌ನ ರೆಸಿಸ್ಟರ್ ಜೋಡಿಸಿ, ವೋಲ್ಟ್ ಅಳೆಯಲು ಹೇಳಿದ. 0.2 ಬಂತು. ಕೈ ಅಡ್ಡ ಹಿಡಿದರೆ ಇಳಿಯಿತು.

ಇದರ ಲೆಕ್ಕ ಸುಲಭ. ಕರೆಂಟನ್ನು ರೋಧದಿಂದ ಗುಣಿಸಿದರೆ ವೋಲ್ಟೇಜು. ಒಂದು ಆಂಪಿಯರನ್ನು 10 ಲಕ್ಷ ಪಾಲು ಮಾಡಿ ಅದರಲ್ಲಿ ಒಂದೇ ಪಾಲು ಹರಿದರೂ, 10 ಲಕ್ಷ ಓಮ್ ದಾಟುವಾಗ ಪೂರ್ತಿ 1 ವೋಲ್ಟ್ ಆಗ್ತದೆ. ಈ ನಿಯಮವನ್ನು 1827ರಲ್ಲಿ ಪ್ರಕಟಿಸಿದ ಜಾರ್ಜ್ ಓಮ್ ಕೂಡ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಮೇಷ್ಟ್ರು.

ಬಿಸಿಲಿಗೆ ಹಿಡಿದಾಗ ಮಾತ್ರ ಒಂದೂವರೆ ವೋಲ್ಟಿನ ಹತ್ತಿರ ನಿಂತುಬಿಟ್ಟಿತು. ವೋಲ್ಟೇಜು ಏರಿದರೆ ಎಲ್‌ಇಡಿ ತನ್ನ ಕರೆಂಟನ್ನು ತಾನೇ ಕುಡಿಯುತ್ತದಂತೆ. ಅದಕ್ಕೇ ಒಳ್ಳೆಯ ಯಂತ್ರಗಳಲ್ಲಿ ಆಪ್‌ಆಂಪ್ ಅನ್ನುವ ಚಿಪ್ ಇಡ್ತಾರೆ. ಅದು ಸೆನ್ಸರಿನ ಮೇಲೆ ವೋಲ್ಟೇಜು ಏರಲು ಬಿಡದೆ, ಬೇರೆ ಕಡೆಯಿಂದ ನಮಗೆ ವೋಲ್ಟ್ ಕೊಡ್ತದೆ.

ಈಗ ಕಾಫಿಗೆ ಬರುತ್ತೇನೆ. ಕೆಲವು ತೇವದ ಮೀಟರುಗಳು ಕಾಳಿನಲ್ಲೇ ಕರೆಂಟು ಹರಿಸಿ ನೋಡ್ತವೆ. ಇನ್ನು ಕೆಲವು ಬೇರೆ ರೀತಿಯವು. ಹಸಿ ಕಾಳಿನಲ್ಲಿ ಜಾಸ್ತಿ ಕರೆಂಟು ಹರಿಯುತ್ತದೆ, ಒಣ ಕಾಳಿನಲ್ಲಿ ಕಡಿಮೆ. ಅದನ್ನು ವೋಲ್ಟ್ ಮಾಡಿ, ಒಳಗಿರುವ ಪಟ್ಟಿ ನೋಡಿ ಪರ್ಸೆಂಟ್ ತೋರಿಸ್ತವೆ. ಅಂದರೆ ಮೀಟರು ನೋಡಿದ್ದು ಕರೆಂಟನ್ನು, ತೇವವನ್ನಲ್ಲ. ಕಾಫಿಗೆ ಒಂದು ಪಟ್ಟಿ, ಕರಿಮೆಣಸಿಗೆ ಇನ್ನೊಂದು. ಕಣದಿಂದ ಬಿಸಿಬಿಸಿ ತಂದ ಕಾಳಿನಲ್ಲಿ ತೇವ ಅಷ್ಟೇ ಇದ್ದರೂ ಕರೆಂಟು ಜಾಸ್ತಿ ಹರಿಯುತ್ತದೆ. ನಾವು ಅವತ್ತು ಬಿಸಿಲಿನಿಂದ ನೇರ ತುಂಬಿಕೊಂಡು ಹೋಗಿದ್ದೆವು.

ಹಾಗಾಗಿ ಮೀಟರು ಯಾವ ಬೆಳೆಗೆ ಇಟ್ಟಿದೆ, ಕಾಳು ತಣ್ಣಗಾಗಿದೆಯಾ, ಇನ್ನೆರಡು ಸಲ ಹಾಕಿ ನೋಡಬಹುದಾ ಎಂದು ಕೇಳುವುದು ಜಗಳ ಅಲ್ಲ. ಮೂರು ಸಲವೂ 13 ಬಂದರೆ ಒಪ್ಪಿಕೊಳ್ಳೋಣ. ವಿದ್ಯುತ್ ಪಾಠದಲ್ಲಿ ನಾವು ಬಲ್ಬು ಹೊತ್ತಿಸಿ, ಚಿತ್ರ ಬರೆದು ಮುಗಿಸುತ್ತೇವೆ. ಗುರುಗಳೇ, ಒಂದು ಪಿರಿಯಡ್ ನಮ್ಮ ಕೈಗೂ ಮಲ್ಟಿಮೀಟರ್ ಕೊಡಿ. ಎಲ್ಲರೂ ಮನೆಯಿಂದ ನಾಲ್ಕು ಕಾಳು ಕಾಫಿ ತರ್ತೇವೆ.

ಎಲ್‌ಇಡಿಯೂ ರೆಸಿಸ್ಟರೂ ನನ್ನ ಕಂಪಾಸು ಪೆಟ್ಟಿಗೆಯಲ್ಲಿವೆ. ನೋಡಬೇಕಾದವರು ಊಟದ ಬೆಲ್ ಆದ ಮೇಲೆ ಜಗಲಿಗೆ ಬನ್ನಿ.

– 7ನೇ ತರಗತಿ