ಸವೆದ ಹಲ್ಲಿನ ಸಂಕಟ



ಹೋದ ಸಂಚಿಕೆಯಲ್ಲಿ ಚಕ್ಕುಲಿ ಮಾಡುವ ವಿಧಾನ ಬರೆದಿದ್ದೆನಲ್ಲ, ಅದರ ಹದವನ್ನು ನಾನು ನೋಡಿದ್ದೇ ಅಲ್ಲ! ಕಚ್ಚಿ ನೋಡಿ ಹೇಳಿದವರು ನಮ್ಮ ಮನೆಯವರು. ನನ್ನ ಹಲ್ಲಿಗೆ ಆ ಭಾಗ್ಯ ಇರಲಿಲ್ಲ.

ನನಗೀಗ 46. ಮುಂದಿನ ಹಲ್ಲುಗಳು ಅರ್ಧಕ್ಕರ್ಧ ಸವೆದಿದ್ದವು. ತಣ್ಣೀರು ಕುಡಿದರೆ ಜುಮ್ ಅಂತ ನೆತ್ತಿಗೇರುತ್ತಿತ್ತು. ತವರಿನಲ್ಲಿ ಇದ್ದಿಲ ಪುಡಿಯಲ್ಲಿ ಉಜ್ಜಿದ್ದು, ಇಲ್ಲಿ ಊಟವಾದ ಮೇಲೆ ತಪ್ಪದ ಕವಳ, ಎಲ್ಲಾ ಸೇರಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ. "ಯಾರ ಮೇಲೆ ಮಾರಾಯ್ತಿ ಇಷ್ಟು ಸಿಟ್ಟು?" ಅಂತ ಇವರು ಇಪ್ಪತ್ತು ವರ್ಷದಿಂದ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಸೆರಗು ಅಡ್ಡ ಹಿಡಿದು.

ಮಗಳ ನಿಶ್ಚಿತಾರ್ಥದ ಫೋಟೋ ಬಂತು. ಒಂದರಲ್ಲೂ ನನ್ನ ಬಾಯಿ ಕಾಣಿಸದು. "ಅಮ್ಮಾ, ನಿನಗೆ ಅವತ್ತು ಸಂತೋಷ ಆಗಿರಲಿಲ್ವಾ?" ಎಂದಳು. ಅವಳ ಸರಕ್ಕೆಂದು ಕೂಡಿಟ್ಟ ದುಡ್ಡು ತಾನೇ ತಂದು ನನ್ನ ಮಡಿಲಿಗೆ ಹಾಕಿದಳು.

ಆಗುಂಬೆ ಘಾಟಿ ಇಳಿದು ಮಣಿಪಾಲದ ದಂತ ಕಾಲೇಜಿಗೆ ಹೋದೆವು. 1965ರಿಂದ ಇರುವ ಕಾಲೇಜು. ಕಾಲೇಜುಗಳಲ್ಲಿ ಕಲಿಯುವ ಡಾಕ್ಟರರು ಗುರುಗಳ ಕಣ್ಣೆದುರು ಕೆಲಸ ಮಾಡುತ್ತಾರೆ. ಓಡಾಟ ಜಾಸ್ತಿ, ಖರ್ಚು ಕಡಿಮೆ. ಮಗಳ ವಯಸ್ಸಿನ ಡಾಕ್ಟರಮ್ಮ ಕನ್ನಡಿ ಹಿಡಿದು ತಿಳಿಸಿ ಹೇಳಿದಳು: ಹಲ್ಲಿನ ಮೇಲಿನ ಗಟ್ಟಿ ಪದರ, ಎನಾಮಲ್, ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ. ಹಲ್ಲು ಗಿಡ್ಡವಾದಂತೆ ಎರಡು ದವಡೆಯೂ ಹತ್ತಿರ ಬಂದು, ನನ್ನ ಮುಖವೇ ಕುಗ್ಗಿತ್ತಂತೆ. ಹಾಗಾಗಿ ಸುಮ್ಮನೆ ಕ್ಯಾಪ್ ಕೂರಿಸಲು ಜಾಗವೇ ಇರಲಿಲ್ಲ.

ಮೊದಲು ಅಚ್ಚು ತೆಗೆದರು. ನರದವರೆಗೆ ಸವೆದಿದ್ದ ಮೂರು ಹಲ್ಲಿಗೆ ರೂಟ್ ಕೆನಾಲ್ ಆಯಿತು. (ಇಂಜೆಕ್ಷನ್ ಚುಚ್ಚಿದ್ದಷ್ಟೇ ನೋವು, ಹೆದರಬೇಡಿ.) ಆಮೇಲೆ ಕಚ್ಚುವ ಎತ್ತರವನ್ನು ಸ್ವಲ್ಪ ಏರಿಸಿ ತಾತ್ಕಾಲಿಕ ಕ್ಯಾಪ್ ಹಾಕಿದರು. ದವಡೆ ಅದಕ್ಕೆ ಒಗ್ಗುತ್ತದೋ ಇಲ್ಲವೋ ಎಂದು ಕೆಲವು ವಾರ ನೋಡಿ, ಆಮೇಲೆಯೇ ಕಾಯಂ ಕ್ಯಾಪ್. ಮೊದಲ ವಾರ ಬಾಯಲ್ಲಿ ಬೇರೆಯವರ ಹಲ್ಲು ಇದ್ದಂತಿತ್ತು. "ಸಾಸಿವೆ" ಅನ್ನಲು ಹೋದರೆ ಶಿಳ್ಳೆ ಬರುತ್ತಿತ್ತು!

ಕ್ಯಾಪ್ ಹಾಕಿದರೂ ರಾತ್ರಿ ಹಲ್ಲು ಕಡಿಯುವುದು ನಿಲ್ಲುವುದಿಲ್ಲವಂತೆ. ಅದಕ್ಕೆ ಮಲಗುವಾಗ ಹಾಕಿಕೊಳ್ಳುವ ನೈಟ್ ಗಾರ್ಡ್ ಕೊಡುತ್ತಾರೆ. ಹುಳಿ ತಿಂದ ತಕ್ಷಣ ಹಲ್ಲುಜ್ಜಬಾರದು, ಅರ್ಧ ಗಂಟೆ ಬಿಡಬೇಕು. ಇದು ನನಗೂ ಗೊತ್ತಿರಲಿಲ್ಲ. ಕವಳ ಬಿಟ್ಟಿದ್ದೇನೆ. ಅತ್ತೆಯವರಿಗೆ ಅದೊಂದು ಬೇಜಾರು, ಜೊತೆಗೆ ಕೂರುವವರಿಲ್ಲ ಅಂತ.

ಕಾಯಂ ಕ್ಯಾಪ್ ಮುಂದಿನ ತಿಂಗಳು. ಮದುವೆ ಅದರ ಮರುವಾರ. ಅಲ್ಲಿಯತನಕ ಗಟ್ಟಿ ತಿಂಡಿಯ ರುಚಿ ನೋಡುವ ಕೆಲಸ ನಮ್ಮ ಮನೆಯವರದೇ, ಅವರೇನೂ ಬೇಸರ ಪಟ್ಟುಕೊಂಡಿಲ್ಲ.